ಇಪ್ಪತ್ತು ನಿಮಿಷದ ಭೇಟಿ, ನಾಲ್ಕು ಸಾಲಿನ ಕಾರ್ಡು

ಸಭಾಸೇವೆಗೆ ಬರುವವರಿಗೆ ಪ್ರಸಂಗ ತಯಾರಿಸುವುದನ್ನು ಎಲ್ಲರೂ ಕಲಿಸುತ್ತಾರೆ. ಮಂಗಳವಾರ ಸಂಜೆ ಯಾರ ಮನೆಗೆ ಹೋಗಬೇಕು, ಹೋದ ಮೇಲೆ ಎಷ್ಟು ಹೊತ್ತು ಕೂರಬೇಕು ಅನ್ನುವುದನ್ನು ಮಾತ್ರ ಮಾಡುತ್ತಾ ಮಾಡುತ್ತಾ ಕಲಿಯಬೇಕು. ಬೆಂಗಳೂರಿನ ಒಂದು ಕನ್ನಡ ಕ್ರೈಸ್ತ ಸಭೆಯಲ್ಲಿ ಪಾಲಕನಾಗಿ ನಾನು ರೂಢಿ ಮಾಡಿಕೊಂಡ ಕ್ರಮ ಇದು.

ಮೊದಲು ಬೇಕಾದದ್ದು ಗಟ್ಟಿ ರಟ್ಟಿನ 200 ಪುಟದ ಲಾಂಗ್ ನೋಟ್‌ಬುಕ್. ಒಂದು ಕುಟುಂಬಕ್ಕೆ ಒಂದು ಪುಟ. ಮೇಲ್ಗಡೆ ಮನೆಯವರೆಲ್ಲರ ಹೆಸರು, ಮಕ್ಕಳು ಓದುತ್ತಿರುವ ತರಗತಿ, ಮನೆಯ ಗುರುತು. ಕೆಳಗೆ ಭೇಟಿಯ ತಾರೀಖು, ಅದರ ಎದುರಿಗೆ ಒಂದೇ ಸಾಲು: ‘ಮಗಳಿಗೆ ಸಿಇಟಿ, ಭಯವಿದೆ’, ‘ಅಜ್ಜಿಗೆ ಎಡಗಣ್ಣಿನ ಪೊರೆ, ಮುಂದಿನ ವಾರ ಆಪರೇಷನ್’. ಕೊನೆಗೆ ಪೆನ್ಸಿಲಿನಲ್ಲಿ ಮುಂದಿನ ತಾರೀಖು. ತಾರೀಖು ಹಾಕದೆ ಪುಟ ಮುಚ್ಚಿದರೆ ಆ ಮನೆ ಆರು ತಿಂಗಳು ನೆನಪಿಗೇ ಬರುವುದಿಲ್ಲ. ಗಂಡ ಹೆಂಡತಿಯ ಜಗಳ, ಸಾಲ, ಕುಡಿತದ ವಿಷಯಗಳನ್ನು ಪುಸ್ತಕದಲ್ಲಿ ಬರೆಯುವುದಿಲ್ಲ. ಪಕ್ಕದಲ್ಲಿ ಒಂದು ಚುಕ್ಕೆ ಇಡುತ್ತೇನೆ, ಅಷ್ಟೇ. ಪ್ರಾರ್ಥನಾ ವಿಜ್ಞಾಪನೆ ಅಂತ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು ಸಂಜೆಯೊಳಗೆ ಊರ ಮಾತಾಗುತ್ತದೆ. ಒಂದು ಸಲ ಹಾಗಾದರೆ ಆ ಮನೆಯವರು ಮತ್ತೆ ಬಾಯಿ ಬಿಡುವುದಿಲ್ಲ.

ಹಿಂದೆ ಸಭೆಯವರು ದೇವಾಲಯದ ಸುತ್ತಮುತ್ತಲೇ ಇರುತ್ತಿದ್ದರು. ಈಗ ಒಬ್ಬರು ಕೆಂಗೇರಿ, ಇನ್ನೊಬ್ಬರು ವೈಟ್‌ಫೀಲ್ಡ್. ಬೈಕಿನಲ್ಲಿ ಹೊರಟರೆ ಸಂಜೆಯೆಲ್ಲ ಸಿಗ್ನಲ್ಲಿನಲ್ಲೇ ಕಳೆದುಹೋಗುತ್ತದೆ. ಅದಕ್ಕೇ ಒಂದು ದಿನಕ್ಕೆ ಒಂದು ಮೆಟ್ರೋ ಮಾರ್ಗ ಅಂತ ಹಂಚಿಕೊಂಡಿದ್ದೇನೆ. ಮಂಗಳವಾರ ನೇರಳೆ, ಬುಧವಾರ ಹಸಿರು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ಶುರುವಾದ ಮೇಲೆ ಗುರುವಾರ ಆ ಕಡೆ. ಅಕ್ಕಪಕ್ಕದ ಎರಡು ನಿಲ್ದಾಣ, ನಾಲ್ಕು ಮನೆ. ನಾಲ್ಕೂವರೆಗೆ ಹೊರಟರೆ ಏಳೂವರೆಗೆ ಮುಗಿಯುತ್ತದೆ. ಐದನೇ ಮನೆಯನ್ನು ಸೇರಿಸಲೇಬಾರದು. ಸೇರಿಸಿದರೆ ಕಣ್ಣು ಗಡಿಯಾರದ ಮೇಲೇ ಇರುತ್ತದೆ, ಮನೆಯವರಿಗೆ ಅದು ಗೊತ್ತಾಗುತ್ತದೆ.

ಮನೆಯಲ್ಲಿ ಕೂರುವುದು ಇಪ್ಪತ್ತು ನಿಮಿಷ. ಮೊದಲ ಹತ್ತು ಅವರ ಮಾತಿಗೆ, ಆಮೇಲೆ ಸತ್ಯವೇದದಿಂದ, ಅಂದರೆ ಬೈಬಲಿನಿಂದ, ಒಂದು ಚಿಕ್ಕ ವಾಕ್ಯಭಾಗ, ಪ್ರಾರ್ಥನೆ. ಪ್ರಾರ್ಥನೆಯಲ್ಲಿ ಆ ಮನೆಯ ಪ್ರತಿಯೊಬ್ಬರ ಹೆಸರೂ ಬರಬೇಕು, ಹಾಸ್ಟೆಲಿನಲ್ಲಿರುವ ಮಗನದ್ದು ಕೂಡ. ‘ಅಯ್ಯನವರೇ, ಕಾಫಿ ಕುಡಿದೇ ಹೋಗ್ಬೇಕು’ ಅನ್ನುತ್ತಾರೆ. ಬೇಡವೆಂದರೆ ನೋವಾಗುತ್ತದೆ, ನಾಲ್ಕು ಮನೆಯಲ್ಲೂ ಕುಡಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಅರ್ಧ ಲೋಟ, ಸಕ್ಕರೆ ಬೇಡ ಅಂತ ಒಳಗೆ ಬರುವಾಗಲೇ ಹೇಳಿಬಿಡುವುದು ವಾಸಿ. ಹೆಂಗಸು ಒಬ್ಬರೇ ಇರುವ ಮನೆಗೆ ಸ್ತ್ರೀ ಸಮಾಜದ ಒಬ್ಬರನ್ನು ಕರೆದುಕೊಂಡೇ ಹೋಗುತ್ತೇನೆ, ಬಾಗಿಲು ತೆರೆದೇ ಇರುತ್ತದೆ. ಕಾಣಿಕೆ ಕೊಟ್ಟರೆ ಕವರಿನ ಮೇಲೆ ಅವರ ಕೈಯಲ್ಲೇ ಹೆಸರು, ಮೊತ್ತ ಬರೆಸಿ ಖಜಾಂಚಿಗೆ ಕೊಡುತ್ತೇನೆ. ಭಾನುವಾರ ರಸೀದಿ ಅವರ ಕೈ ಸೇರಿತೇ ಎಂದು ವಿಚಾರಿಸುತ್ತೇನೆ.

ಮರೆವು ಹಿಡಿದ ಹಿರಿಯರ ಮನೆಯಲ್ಲಿ ಕ್ರಮ ಬೇರೆ. ಪ್ರಶ್ನೆ ಕೇಳಬಾರದು. ‘ನಾನು ಯಾರು ಗೊತ್ತಾಯ್ತಾ ಅಜ್ಜಿ?’ ಅಂದರೆ ಅವರು ಗಾಬರಿಯಾಗುತ್ತಾರೆ. ಹೆಸರು ನಾವೇ ಹೇಳಿ, ಪಕ್ಕದಲ್ಲಿ ಕೂತು, ಅವರಿಗೆ ಚಿಕ್ಕಂದಿನಿಂದ ಬಾಯಿಪಾಠವಿರುವ ಕೀರ್ತನೆಯ ಮೊದಲ ಚರಣ ಹಾಡಬೇಕು, ಸಾಮಾನ್ಯ ಶ್ರುತಿಗಿಂತ ತಗ್ಗಿಸಿ, ನಿಧಾನವಾಗಿ. ಎರಡನೇ ಸಾಲಿಗೆ ತುಟಿ ಅಲುಗಾಡುತ್ತದೆ. ಮಕ್ಕಳ ಹೆಸರು ಮರೆತವರೂ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಕೊನೆಯವರೆಗೂ ಹೇಳುವುದುಂಟು. ಅಲ್ಲಿ ಹೊಸ ಅನುವಾದ ಓದಿದರೆ ಅವರು ಜೊತೆಗೂಡಲಾರರು; ಅವರೊಳಗೆ ಉಳಿದಿರುವುದು ಹಳೆಯ ಸತ್ಯವೇದದ ಮಾತು. ಇಂಥವರಿಗೆ ಮನೆಯಲ್ಲೇ ಪ್ರಭುಭೋಜನದ ಸಂಸ್ಕಾರ, ಅಂದರೆ ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ ಕೊಡುವಾಗ ಒಣ ರೊಟ್ಟಿ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಕಡಲೆಕಾಳಿನಷ್ಟು ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ, ಅವರನ್ನು ನೆಟ್ಟಗೆ ಕೂರಿಸಿ ಕೊಡಬೇಕು. ನುಂಗಲು ಆಗುತ್ತದೆಯೇ ಎಂದು ನೋಡಿಕೊಳ್ಳುವವರನ್ನು ಮೊದಲೇ ಕೇಳಿಕೊಳ್ಳುತ್ತೇನೆ.

ಆಸ್ಪತ್ರೆಯಲ್ಲಿ ಐದು ನಿಮಿಷ ಸಾಕು. ಭೇಟಿಯ ಸಮಯವನ್ನು ಫೋನಿನಲ್ಲಿ ವಿಚಾರಿಸಿಕೊಂಡು, ಕೈ ತೊಳೆದು ಒಳಗೆ ಹೋಗಬೇಕು. ಹಾಸಿಗೆಯ ಮೇಲೆ ಕೂರಬಾರದು. ಸತ್ಯವೇದದ 121ನೆಯ ಕೀರ್ತನೆಯಲ್ಲಿ ಎಂಟೇ ವಚನ, 23ರಲ್ಲಿ ಆರು, ಯಾವುದಾದರೂ ಒಂದು. ಎಳನೀರು ಒಯ್ಯುವ ಮುಂಚೆ ಕೇಳಲೇಬೇಕು. ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಮೂತ್ರಪಿಂಡ ಕೆಟ್ಟವರಿಗೆ ಅಪಾಯ. ‘ಇದೂ ದೇವರ ಚಿತ್ತ’ ಅನ್ನುವ ಮಾತನ್ನು ನರಳುತ್ತಿರುವವರ ಎದುರು ನಾನು ಆಡುವುದಿಲ್ಲ.

ಸಾವಿನ ಮನೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಎಷ್ಟೋ ಸಭೆಗಳು ಎಡವುವುದು ಅಲ್ಲೇ. ಮಣ್ಣು ಕೊಟ್ಟ ದಿನ ನೂರಾರು ಜನ. ಮೂರು ದಿನ ಊಟ ಅಲ್ಲಿಂದ ಇಲ್ಲಿಂದ ಬರುತ್ತದೆ. ಎರಡನೇ ವಾರಕ್ಕೆ ನೆಂಟರು ಹೊರಡುತ್ತಾರೆ, ಮೂರನೇ ವಾರಕ್ಕೆ ಮನೆ ಮೌನ. ಹಾಗಾಗಿ ನನ್ನ ಪುಸ್ತಕದಲ್ಲಿ ಮೂರನೇ ವಾರ, ಮೂರನೇ ತಿಂಗಳು, ಮೊದಲ ಕ್ರಿಸ್ಮಸ್, ವರ್ಷದ ದಿನ, ಈ ನಾಲ್ಕು ತಾರೀಖು ಅಂದೇ ಬೀಳುತ್ತವೆ. ಮೂರನೇ ವಾರದ ಹೊತ್ತಿಗೆ ಕಾಗದಪತ್ರದ ಕಷ್ಟವೂ ಇರುತ್ತದೆ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ನಮ್ಮವರಲ್ಲಿ ಅನೇಕರಿಗೆ ದೀಕ್ಷಾಸ್ನಾನದ ಹೆಸರು ಒಂದು, ಆಧಾರಿನಲ್ಲಿ ಇನ್ನೊಂದು. ಮರಣ ಪತ್ರದಲ್ಲಿ ಹೆಸರು ತಪ್ಪಿದರೆ ಬ್ಯಾಂಕಿನಲ್ಲೂ ಪಿಂಚಣಿಯಲ್ಲೂ ತಿಂಗಳುಗಟ್ಟಲೆ ಅಲೆದಾಟ. ಫಾರಂ ತುಂಬುವಾಗ ಆಧಾರ್, ಪಾಸ್‌ಬುಕ್ ಎರಡನ್ನೂ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಲು ಸಭೆಯ ನಿವೃತ್ತ ನೌಕರರೊಬ್ಬರನ್ನು ಕಳಿಸುತ್ತೇವೆ. ವಿಧವೆಯಾದ ತಾಯಿಗೆ ಆ ಜೊತೆಗಿಂತ ದೊಡ್ಡ ಸಾಂತ್ವನವನ್ನು ನಾನು ಕಂಡಿಲ್ಲ.

ಸಭೆಗಾಗಿ ದುಡಿಯುವವರಿಗೂ ಧೈರ್ಯ ಬೇಕು. ಏಳು ಗಂಟೆಗೇ ಬಂದು ಬೆಂಚು ಒರೆಸುವವರು, ಸಂಡೇ ಸ್ಕೂಲಿನ ಟೀಚರಮ್ಮ, ಮೈಕ್ ನೋಡಿಕೊಳ್ಳುವ ಹುಡುಗ. ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು 20ಕ್ಕೂ ಹೆಚ್ಚು ಮಂದಿಯನ್ನು ಹೆಸರು ಹಿಡಿದು ವಂದಿಸುತ್ತಾನೆ, ಕೆಲವರು ಏನು ಮಾಡಿದರು ಅನ್ನುವುದನ್ನೂ ಸೇರಿಸಿ. ನಾನು ವಾರಕ್ಕೆ ಮೂರು ಅಂಚೆ ಕಾರ್ಡು ಬರೆಯುತ್ತೇನೆ. ನಾಲ್ಕೇ ಸಾಲು: ಹೆಸರು, ಅವರು ಮಾಡಿದ ಒಂದು ಕೆಲಸ, ಅದರಿಂದ ಯಾರಿಗೆ ಏನಾಯಿತು, ಒಂದು ವಚನದ ಅಂಕಿ. ‘ಚೆನ್ನಾಗಿ ಮಾಡಿದಿರಿ’ ಅಂತಷ್ಟೇ ಬರೆದರೆ ಯಾರಿಗೂ ತಟ್ಟುವುದಿಲ್ಲ. ‘ಅಳುತ್ತಿದ್ದ ಹೊಸ ಮಗುವನ್ನು ಬಾಗಿಲ ಹತ್ತಿರವೇ ಕೂರಿಸಿಕೊಂಡು ಬಣ್ಣ ಹಚ್ಚಿಸಿದಿರಲ್ಲ, ಆ ತಾಯಿ ನೆಮ್ಮದಿಯಾಗಿ ಆರಾಧನೆ ಮುಗಿಸಿದರು’ ಅಂದರೆ ಆ ಟೀಚರಮ್ಮ ಕಾರ್ಡನ್ನು ಸತ್ಯವೇದದೊಳಗೆ ಇಟ್ಟುಕೊಳ್ಳುತ್ತಾರೆ. ಕಾರ್ಡನ್ನು ಮನೆಯವರೆಲ್ಲ ಓದುತ್ತಾರೆ, ಗುಟ್ಟಿನ ಮಾತು ಬೇಡ. ಕಣ್ಣು ಕಾಣದವರಿಗೆ ಫೋನಿನಲ್ಲಿ ದನಿ ಮುದ್ರಿಸಿ ಕಳಿಸುತ್ತೇನೆ, 40 ಸೆಕೆಂಡು ದಾಟದ ಹಾಗೆ.

ಸೋಮವಾರ ನನ್ನ ರಜೆ. ಸತ್ಯವೇದದಲ್ಲಿ ಪ್ರವಾದಿ ಎಲೀಯನು ಸಾಯಬೇಕೆಂದು ಮರದ ಕೆಳಗೆ ಮಲಗಿದಾಗ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು. ಆಮೇಲೆ ಮತ್ತೆ ಮಲಗಲು ಬಿಟ್ಟನು. ಸೇವಕರಿಗೂ ಅದು ಬೇಕು. ಅಂದು ಸಾವಿನ ಕರೆ ಬಂದರೆ ಮಾತ್ರ ಹೊರಡುತ್ತೇನೆ, ಬದಲಿಗೆ ಶುಕ್ರವಾರ ಮಧ್ಯಾಹ್ನ ಬಿಡುವು.

ಶನಿವಾರ ಸಂಜೆ ಪ್ರಸಂಗದ ಕಾಗದ ಮುಚ್ಚಿಟ್ಟು ನೋಟ್‌ಬುಕ್ಕಿನ ಎಲ್ಲ ಪುಟಗಳನ್ನೂ ಒಮ್ಮೆ ತಿರುವುತ್ತೇನೆ. ಮೂರು ತಿಂಗಳಿಂದ ತಾರೀಖು ಬೀಳದ ಪುಟಕ್ಕೆ ದಾರದ ತುಂಡು ಸಿಕ್ಕಿಸುತ್ತೇನೆ. ಬೆಳಿಗ್ಗೆ ಆರಾಧನೆ ಮುಗಿದು ಬಾಗಿಲಲ್ಲಿ ನಿಂತಾಗ ಮೊದಲು ಹುಡುಕುವುದು ಆ ಮುಖಗಳನ್ನೇ.