ಕಳೆಯುವ ಲೆಕ್ಕ: ಒಂದು ಗ್ಯಾಲಕ್ಸಿಯ ಕಾಣದ ದ್ರವ್ಯರಾಶಿಯನ್ನು ನಾನು ಅಳೆಯುವ ಬಗೆ

ಕಾಣದ ದ್ರವ್ಯರಾಶಿಯನ್ನು (ಡಾರ್ಕ್ ಮ್ಯಾಟರ್) ಯಾರೂ ನೇರವಾಗಿ ಅಳೆಯುವುದಿಲ್ಲ. ಗ್ಯಾಲಕ್ಸಿ ಎಷ್ಟು ವೇಗವಾಗಿ ಸುತ್ತುತ್ತಿದೆ ಅಂತ ಅಳೆಯುತ್ತೇವೆ. ಅದರಲ್ಲಿ ಕಣ್ಣಿಗೋ ಆಂಟೆನಾಗೋ ಸಿಗುವ ನಕ್ಷತ್ರ, ಅನಿಲ ಎಷ್ಟಿದೆ ಅಂತ ಲೆಕ್ಕ ಹಾಕುತ್ತೇವೆ. ಮೊದಲಿನದರಿಂದ ಎರಡನೆಯದನ್ನು ಕಳೆದರೆ ಉಳಿಯುವುದೇ ಕಾಣದ್ದು. ಎರಡೂ ಕಡೆ ಮಾಡಿದ ತಪ್ಪುಗಳೆಲ್ಲ ಬಂದು ಕೂರುವುದೂ ಆ ಉಳಿಕೆಯಲ್ಲೇ. ಈ ಕೆಲಸದಲ್ಲಿ ನನ್ನ ಬಹುಪಾಲು ಸಮಯ ಹೋಗಿರುವುದು ಉಳಿಕೆಯಲ್ಲಿ ಎಷ್ಟು ಪಾಲು ನಿಜ, ಎಷ್ಟು ಪಾಲು ನನ್ನದೇ ತಪ್ಪು ಅಂತ ಬೇರ್ಪಡಿಸುವುದರಲ್ಲಿ.

ಉದಾಹರಣೆಗೆ ಎನ್‌ಜಿಸಿ 3198 ತೆಗೆದುಕೊಳ್ಳುತ್ತೇನೆ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಸುರುಳಿ ಗ್ಯಾಲಕ್ಸಿ ಇದು. ದೂರ 13.8 ಮೆಗಾಪಾರ್ಸೆಕ್, ಅಂದರೆ ಸುಮಾರು 4.5 ಕೋಟಿ ಜ್ಯೋತಿರ್ವರ್ಷ. 1985ರಲ್ಲಿ ವಾನ್ ಆಲ್ಬಾಡಾ ಮತ್ತು ಸಂಗಡಿಗರು ಬರೆದ ಪ್ರಬಂಧದಿಂದಾಗಿ ಇದು ಈ ಕ್ಷೇತ್ರದ ಪಾಠದ ಗ್ಯಾಲಕ್ಸಿಯೇ ಆಗಿದೆ. ಪಿಎಚ್‌ಡಿಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಕೊಡುವ ಕೆಲಸವೂ ಇದೇ: ಅಮೆರಿಕದ ವಿಎಲ್‌ಎ ರೇಡಿಯೊ ದೂರದರ್ಶಕದ ‘ಥಿಂಗ್ಸ್’ ಸಮೀಕ್ಷೆಯ ದತ್ತಾಂಶ ಎಲ್ಲರಿಗೂ ಮುಕ್ತವಾಗಿದೆ, ಅದರಿಂದ ಈ ಗ್ಯಾಲಕ್ಸಿಯ ರೊಟೇಶನ್ ಕರ್ವ್ (ಕೇಂದ್ರದಿಂದ ದೂರ ಹೋದಂತೆ ಸುತ್ತುವೇಗ ಹೇಗೆ ಬದಲಾಗುತ್ತದೆ ಅನ್ನುವ ನಕ್ಷೆ) ತೆಗೆದು, ಪ್ರಕಟವಾದ ಕರ್ವ್‌ಗೆ ಸೆಕೆಂಡಿಗೆ 5 ಕಿ.ಮೀ. (ಮುಂದೆಯೂ ವೇಗಗಳೆಲ್ಲ ಸೆಕೆಂಡಿಗೆ ಕಿ.ಮೀ. ಲೆಕ್ಕದವು) ಒಳಗೆ ತಾಳೆಯಾಗುವವರೆಗೆ ಬೇರೆ ಗ್ಯಾಲಕ್ಸಿ ಮುಟ್ಟಬೇಡಿ. ದೂರದರ್ಶಕದ ಸಮಯಕ್ಕೆ ಅರ್ಜಿ ಬರೆಯುವುದೆಲ್ಲ ಆಮೇಲೆ.

ಕರ್ವ್‌ಗೆ ನೆಚ್ಚಿಕೊಳ್ಳುವುದು ಹೈಡ್ರೋಜನ್ ಅನಿಲ ಸೂಸುವ 21 ಸೆಂ.ಮೀ. ರೇಡಿಯೊ ರೇಖೆಯನ್ನು, ಆವೃತ್ತಿ 1420.406 ಮೆಗಾಹರ್ಟ್ಜ್. ನಕ್ಷತ್ರಗಳ ಬೆಳಕು ಮುಗಿದ ಮೇಲೂ ಅನಿಲ ಬಹುದೂರ ಹರಡಿರುತ್ತದೆ, ಕಳೆಯುವ ಲೆಕ್ಕಕ್ಕೆ ಬೇಕಾದ್ದು ಆ ಅಂಚೇ. ವೆರಾ ರೂಬಿನ್, ಕೆಂಟ್ ಫೋರ್ಡ್, ಥೊನಾರ್ಡ್ 1980ರಲ್ಲಿ ಪ್ರಕಟಿಸಿದ 21 ಗ್ಯಾಲಕ್ಸಿಗಳ ಕರ್ವ್‌ಗಳಿಗೆ ಸಿಗುವ ಗೌರವ ಸರಿಯಾದದ್ದೇ. ಆದರೆ ಅವು ಬೆಳಕಿನ ಕರ್ವ್‌ಗಳು, ಬೆಳಕು ನಿಂತಲ್ಲಿ ನಿಲ್ಲುತ್ತವೆ. ನಕ್ಷತ್ರಗಳನ್ನು ಸ್ವಲ್ಪ ಭಾರ ಮಾಡಿಬಿಟ್ಟರೆ ಅಂಥ ಹಲವು ಕರ್ವ್‌ಗಳನ್ನು ಕಾಣದ ದ್ರವ್ಯವಿಲ್ಲದೆಯೇ ಹೊಂದಿಸಬಹುದು ಅಂತ 1986ರಲ್ಲಿ ಸ್ಟೀಫನ್ ಕೆಂಟ್ ತೋರಿಸಿದರು. 1978ರಲ್ಲಿ ಬೋಸ್ಮಾ ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದ ರೇಡಿಯೊ ಕರ್ವ್‌ಗಳಿಗೆ ಆ ಉಪಾಯ ನಡೆಯುವುದಿಲ್ಲ.

ವೀಕ್ಷಣೆ ನಮ್ಮ ನಾರಾಯಣಗಾಂವ್ (ಪುಣೆ ಜಿಲ್ಲೆ) ಹತ್ತಿರದ ರೇಡಿಯೊ ದೂರದರ್ಶಕ ಜಿಎಂಆರ್‌ಟಿಯಲ್ಲಿ ಆದರೂ ವಿಎಲ್‌ಎಯಲ್ಲಿ ಆದರೂ ಕ್ರಮ ಹೆಚ್ಚುಕಡಿಮೆ ಒಂದೇ. ಆರಂಭದಲ್ಲಿ, ಕೊನೆಯಲ್ಲಿ 3ಸಿ 286 ಅಥವಾ 3ಸಿ 147ರಂಥ ಪ್ರಬಲ ರೇಡಿಯೊ ಆಕರವನ್ನು ಉಪಕರಣ ಸರಿಹೊಂದಿಸಲು 10–15 ನಿಮಿಷ ನೋಡುವುದು, ನಡುವೆ 30–40 ನಿಮಿಷಕ್ಕೊಮ್ಮೆ ಹತ್ತಿರದ ಫೇಸ್ ಕ್ಯಾಲಿಬ್ರೇಟರ್ (ಸಂಕೇತದ ಫೇಸ್ ಜಾರುವುದನ್ನು ಸರಿಪಡಿಸಲು ನೋಡುವ ಆಕರ) ಮೇಲೆ 5 ನಿಮಿಷ, ಉಳಿದದ್ದೆಲ್ಲ ಗ್ಯಾಲಕ್ಸಿಗೆ. ಈ ರೇಖೆಯಲ್ಲಿ 1 ಮೆಗಾಹರ್ಟ್ಜ್ ಅಂದರೆ 211 ಕಿ.ಮೀ. ವೇಗ, ಹಾಗಾಗಿ 5 ಕಿ.ಮೀ. ಅಗಲದ ಚಾನೆಲ್ (ಆವೃತ್ತಿಯ ಒಂದು ಕಿರುಪಟ್ಟಿ) ಬೇಕಾದರೆ 24 ಕಿಲೋಹರ್ಟ್ಜ್ ಸಾಕು. ಜಿಎಂಆರ್‌ಟಿಯಲ್ಲಿ 30 ಡಿಶ್, ಒಂದೊಂದೂ 45 ಮೀಟರ್. ಹಾಗಿದ್ದೂ ಎನ್‌ಜಿಸಿ 3198ರಂಥ ದೊಡ್ಡ ಗ್ಯಾಲಕ್ಸಿಗೆ ನಾನು ವಿಎಲ್‌ಎ ದತ್ತಾಂಶವನ್ನೇ ಬಳಸುತ್ತೇನೆ. ಎರಡು ಡಿಶ್‌ಗಳ ನಡುವಿನ ಕನಿಷ್ಠ ಅಂತರ 100 ಮೀಟರ್ ಅಂದುಕೊಂಡರೆ 7 ಆರ್ಕ್‌ಮಿನಿಟಿಗಿಂತ (ಆರ್ಕ್‌ಮಿನಿಟ್ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಹೆಚ್ಚು ಹರಡಿದ ಅನಿಲ ಕೈಗೆ ಸಿಗುವುದಿಲ್ಲ; ಈ ಗ್ಯಾಲಕ್ಸಿಯ ಅನಿಲವೋ ಕೇಂದ್ರದಿಂದ ಒಂದೊಂದು ಬದಿಗೆ 11 ಆರ್ಕ್‌ಮಿನಿಟ್ ಚಾಚಿದೆ. ಕುಬ್ಜ ಗ್ಯಾಲಕ್ಸಿಗಳಿಗೆ ಜಿಎಂಆರ್‌ಟಿಯಷ್ಟು ಒಳ್ಳೆಯ ಉಪಕರಣ ಕಡಿಮೆ.

ಇಲ್ಲಿ ಜಾರುವ ಜಾಗಗಳು ಹಲವು. ಬ್ಯಾಂಡ್‌ಪಾಸ್‌ಗೆ (ಚಾನೆಲ್‌ನಿಂದ ಚಾನೆಲ್‌ಗೆ ಉಪಕರಣದ ಸ್ಪಂದನೆ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ) ಬಳಸುವ ಆಕರದ ಮುಂದೆ ನಮ್ಮದೇ ಆಕಾಶಗಂಗೆಯ ಹೈಡ್ರೋಜನ್ ಇರುತ್ತದೆ, ಸೊನ್ನೆ ವೇಗದ ಸುತ್ತ ಬೆಳಕನ್ನು ಹೀರಿರುತ್ತದೆ. ಎನ್‌ಜಿಸಿ 3198 ನಮ್ಮಿಂದ ದೂರ ಸರಿಯುವ ಸರಾಸರಿ ವೇಗ 660 ಕಿ.ಮೀ., ಹಾಗಾಗಿ ತೊಂದರೆಯಿಲ್ಲ. ಆದರೆ 130 ಕಿ.ಮೀ. ಆಸುಪಾಸಿನ ಎನ್‌ಜಿಸಿ 2403ರಂಥದಕ್ಕೆ ಆ ಚಾನೆಲ್‌ಗಳನ್ನು ಬಿಟ್ಟು ಎರಡೂ ಬದಿಯಿಂದ ಅಂದಾಜು ಕಟ್ಟಬೇಕು. ಇಲ್ಲದಿದ್ದರೆ ಗ್ಯಾಲಕ್ಸಿಯ ಒಂದು ಬದಿಯಲ್ಲಿ ಇಲ್ಲದ ಅನಿಲ ಮೂಡುತ್ತದೆ. 1381 ಮೆಗಾಹರ್ಟ್ಜ್‌ನಲ್ಲಿ ಜಿಪಿಎಸ್ ಉಪಗ್ರಹಗಳ ಗದ್ದಲ ಆಗಾಗ ಬರುವುದರಿಂದ ಸೆಕೆಂಡಿಗೆ 8,500 ಕಿ.ಮೀ. ಸುತ್ತಮುತ್ತಲಿನ ಗ್ಯಾಲಕ್ಸಿಗಳನ್ನು ನಾನು ಪಟ್ಟಿಗೇ ಸೇರಿಸುವುದಿಲ್ಲ. ವೇಗವನ್ನು ರೇಡಿಯೊ ಪದ್ಧತಿಯಲ್ಲಿ (ಆವೃತ್ತಿಯ ಬದಲಾವಣೆಯಿಂದ) ಬರೆದಿದೆಯೋ ಆಪ್ಟಿಕಲ್ ಪದ್ಧತಿಯಲ್ಲೋ (ತರಂಗಾಂತರದ ಬದಲಾವಣೆಯಿಂದ) ಅಂತ ಫೈಲಿನ ಹೆಡರ್ ನೋಡಿಯೇ ಮುಂದೆ ಹೋಗಬೇಕು. 660ರಲ್ಲಿ ಎರಡಕ್ಕೂ ವ್ಯತ್ಯಾಸ ಒಂದೂವರೆ ಕಿ.ಮೀ. ಮಾತ್ರ, 3,000ದಲ್ಲಿ 30 ಕಿ.ಮೀ.

ಕಾಸಾ ತಂತ್ರಾಂಶದಲ್ಲಿ ಕ್ಯಾಲಿಬ್ರೇಶನ್ ಮುಗಿಸಿ ಕಂಟಿನ್ಯುಯಂ (ರೇಖೆಯ ಹೊರತಾಗಿ ಎಲ್ಲ ಆವೃತ್ತಿಗಳಲ್ಲೂ ಬರುವ ಸಂಕೇತ) ಕಳೆಯುವಾಗ ಮೊದಲ ದರ್ಜೆಯ ಬಹುಪದವೇ ಸಾಕು. ಮೂರನೇ ದರ್ಜೆ ಹಾಕಿದರೆ ಬೇಸ್‌ಲೈನ್ ಚೆಂದ ಕಾಣುತ್ತದೆ, ಮಸುಕು ಅನಿಲವನ್ನೂ ಸೇರಿಸಿ ತಿಂದುಹಾಕುತ್ತದೆ. ಆಮೇಲೆ ಟಿಕ್ಲೀನ್, ಅಂದರೆ ಚಿತ್ರದಿಂದ ಉಪಕರಣದ ಮಸುಕನ್ನು ತೆಗೆಯುವ ಹಂತ. ಒಂದು ಬಿಂದು ಚಿತ್ರದಲ್ಲಿ ಹರಡಿ ಕಾಣುವ ಚುಕ್ಕೆಯೇ ಬೀಮ್; ಉಪಕರಣ ಕೊಡುವ ಕಚ್ಚಾ ಚುಕ್ಕೆ ಡರ್ಟಿ ಬೀಮ್, ಅದರ ಬದಲು ನಾವು ಇಡುವ ನಯವಾದದ್ದು ಕ್ಲೀನ್ ಬೀಮ್. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ದೋಷವಿದೆ. ಕ್ಲೀನ್ ಮಾಡಿ ತೆಗೆದ ಮಾದರಿಯ ಏಕಮಾನ ‘ಒಂದು ಕ್ಲೀನ್ ಬೀಮ್‌ಗೆ ಇಷ್ಟು’. ಉಳಿದ ರೆಸಿಡ್ಯುಯಲ್‌ನ ಏಕಮಾನ ‘ಒಂದು ಡರ್ಟಿ ಬೀಮ್‌ಗೆ ಇಷ್ಟು’. ಸೇರಿನಲ್ಲಿ ಅಳೆದ ಅಕ್ಕಿಗೆ ಪಾವಿನಲ್ಲಿ ಅಳೆದ ಅಕ್ಕಿ ಕೂಡಿಸಿ ‘ಒಟ್ಟು ಇಷ್ಟು’ ಅಂದ ಹಾಗೆ. ಡಿಶ್‌ಗಳ ಬೇರೆ ಬೇರೆ ವಿನ್ಯಾಸಗಳ ದತ್ತಾಂಶ ಬೆರೆಸಿದಾಗ ಡರ್ಟಿ ಬೀಮ್‌ಗೆ ಅಗಲವಾದ ಪಾದ ಇರುವುದರಿಂದ ಮಸುಕಾದ ಅಂಚಿನ ಅನಿಲ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಮಾಸ್ಕ್ ಹಾಕಿ ನಾಯ್ಸ್‌ನ ಒಂದೂವರೆ ಪಟ್ಟಿನವರೆಗೆ ಕ್ಲೀನ್ ಮಾಡುವುದು, ಉಳಿದದ್ದನ್ನು ಎರಡು ಬೀಮ್‌ಗಳ ಅನುಪಾತದಿಂದ ಗುಣಿಸಿ ತಗ್ಗಿಸುವುದು, ಆಮೇಲೆ ಒಂಟಿ ಡಿಶ್‌ನ ಹಳೆಯ ಮಾಪನದ ಜತೆ ಒಟ್ಟು ಫ್ಲಕ್ಸ್ (ಬಂದ ಸಂಕೇತದ ಮೊತ್ತ) ತಾಳೆ ನೋಡುವುದು. ಎನ್‌ಜಿಸಿ 3198ಕ್ಕೆ ಥಿಂಗ್ಸ್ ಕೊಡುವ ಮೊತ್ತ 227 ಜಾನ್ಸ್ಕಿ-ಕಿ.ಮೀ./ಸೆಕೆಂಡ್ (ಜಾನ್ಸ್ಕಿ ರೇಡಿಯೊ ಸಂಕೇತದ ಬಲದ ಏಕಮಾನ).

ಘನಾಕಾರದ ದತ್ತಾಂಶ (ಆಕಾಶದ ಎರಡು ದಿಕ್ಕು, ಮೂರನೆಯದು ವೇಗ) ಸಿದ್ಧವಾದ ಮೇಲೆ ನಾನು ಎರಡು ಪ್ರತಿ ಇಟ್ಟುಕೊಳ್ಳುತ್ತೇನೆ: ಒಳಭಾಗಕ್ಕೆ 12 ಆರ್ಕ್‌ಸೆಕೆಂಡ್ ಬೀಮ್‌ನದು, ಅಂಚಿಗೆ 30ಕ್ಕೆ ಮಸುಕುಗೊಳಿಸಿದ್ದು. 12ರಲ್ಲಿ ನಾಯ್ಸ್ 0.4 ಮಿಲಿಜಾನ್ಸ್ಕಿ ಇದ್ದರೆ ಒಂದು ಚಾನೆಲ್‌ನಲ್ಲಿ ಕಾಣುವ ಕನಿಷ್ಠ ಸಾಂದ್ರತೆ ಚದರ ಸೆಂ.ಮೀ.ಗೆ ಸುಮಾರು 4.6×10¹⁹ ಪರಮಾಣು. ಕರ್ವ್‌ನ ಕೊನೆಯ ಬಿಂದುಗಳು ಅದಕ್ಕಿಂತ ತೆಳು ಅನಿಲದಲ್ಲಿರುತ್ತವೆ.

ಇನ್ನು ಉಂಗುರಗಳ ಕೆಲಸ. ಗ್ಯಾಲಕ್ಸಿಯನ್ನು ಒಂದರೊಳಗೊಂದು ಇಟ್ಟ ಬಳೆಗಳಂತೆ ಭಾವಿಸಿ, ಒಂದೊಂದು ಬಳೆಗೂ ಕೇಂದ್ರ, ಸರಾಸರಿ ವೇಗ, ದಿಕ್ಕಿನ ಕೋನ, ವಾಲುಕೋನ (ಬಳೆ ನಮ್ಮ ನೋಟಕ್ಕೆ ಎಷ್ಟು ಓರೆಯಾಗಿದೆ ಅನ್ನುವುದು), ಸುತ್ತುವೇಗ ಹೊಂದಿಸುವುದು. ಬಳೆಯ ಅಗಲ ಬೀಮ್‌ನಷ್ಟು ಅಥವಾ ಅದರ ಅರ್ಧ. ಅದಕ್ಕಿಂತ ಕಿರಿದು ಮಾಡಿದರೆ ಬಿಂದುಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಮಾಹಿತಿ ಹೆಚ್ಚುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಸಡಿಲ ಬಿಟ್ಟರೆ ಫಿಟ್ ಎಲ್ಲಿಗೋ ಓಡುತ್ತದೆ. ಮೊದಲ ಸುತ್ತಿನಲ್ಲಿ ಕೇಂದ್ರ ಮತ್ತು ಸರಾಸರಿ ವೇಗ ತೆಗೆದು ಬಿಗಿ ಮಾಡುತ್ತೇನೆ. ಎರಡನೆಯದರಲ್ಲಿ ದಿಕ್ಕಿನ ಕೋನ. ಮೂರನೆಯದರಲ್ಲಿ ವಾಲುಕೋನ, ಅದು ಬಳೆಯಿಂದ ಬಳೆಗೆ ನೆಗೆದಾಡುತ್ತಿದ್ದರೆ ನಯವಾದ ರೇಖೆಯೊಂದನ್ನು ಎಳೆದು ನಿಲ್ಲಿಸುತ್ತೇನೆ. ಕೊನೆಯ ಸುತ್ತಿನಲ್ಲಿ ಸುತ್ತುವೇಗ ಒಂದೇ ಸಡಿಲ. ಕಿರು ಅಕ್ಷದ ಎರಡೂ ಬದಿ 20 ಡಿಗ್ರಿಯೊಳಗಿನ ಬಿಂದುಗಳಿಗೆ ಲೆಕ್ಕದಲ್ಲಿ ಜಾಗವಿಲ್ಲ, ಅಲ್ಲಿ ಸುತ್ತುವೇಗದ ಪಾಲು ನಮ್ಮ ಕಡೆಗೆ ಬರುವುದೇ ಇಲ್ಲ.

ವಾಲುಕೋನ ಈ ಕಸುಬಿನ ದೊಡ್ಡ ತಲೆನೋವು. ನಮಗೆ ಸಿಗುವ ವೇಗವನ್ನು ಅದರ ಸೈನ್‌ನಿಂದ ಭಾಗಿಸಬೇಕು. ಎನ್‌ಜಿಸಿ 3198 ಸುಮಾರು 72 ಡಿಗ್ರಿ ವಾಲಿದೆ. 5 ಡಿಗ್ರಿ ತಪ್ಪಿದರೂ ವೇಗದ ತಪ್ಪು ಶೇ. 3ರ ಆಸುಪಾಸಿನಲ್ಲೇ ಉಳಿಯುತ್ತದೆ. ಅದೇ 30 ಡಿಗ್ರಿಯ ಗ್ಯಾಲಕ್ಸಿಯನ್ನು 25 ಅಂತ ಓದಿದರೆ ವೇಗ ಶೇ. 18, ದ್ರವ್ಯರಾಶಿ ಶೇ. 40 ಉಬ್ಬುತ್ತದೆ. 40ಕ್ಕಿಂತ ಕಡಿಮೆ ವಾಲಿದ್ದನ್ನು ನಾನು ಮುಟ್ಟುವುದಿಲ್ಲ. ಪ್ರಬಂಧ ವಿಮರ್ಶಕರು ಮೊದಲು ಕೇಳುವ ಪ್ರಶ್ನೆಯೂ ಇದೇ ಆಗಿರುತ್ತದೆ.

ಕೇಂದ್ರದ ಹತ್ತಿರ ಬೇರೆ ಕಾಟ. ಒಂದೇ ಬೀಮ್‌ನೊಳಗೆ ಬೇರೆ ಬೇರೆ ವೇಗದ ಅನಿಲ ಸೇರಿ ಸರಾಸರಿ ವೇಗ ಕೆಳಗಿಳಿಯುತ್ತದೆ, ಕರ್ವ್ ನಿಜಕ್ಕಿಂತ ನಿಧಾನವಾಗಿ ಏರಿದಂತೆ ಕಾಣುತ್ತದೆ. ಬರೋಲೋದಂಥ, ಬೀಮ್ ಸಮೇತ ಇಡೀ ಘನಕ್ಕೇ ಮಾದರಿ ಕಟ್ಟುವ ತಂತ್ರಾಂಶ ಇದನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ. ಅದು ಕೊಡುವ 1–2 ಕಿ.ಮೀ. ದೋಷಪಟ್ಟಿಯನ್ನು ಮಾತ್ರ ನಂಬಬೇಡಿ. ನಮ್ಮತ್ತ ಬರುವ ಅರ್ಧ, ದೂರ ಸರಿಯುವ ಅರ್ಧ ಎರಡಕ್ಕೂ ಬೇರೆ ಬೇರೆ ಫಿಟ್ ಮಾಡಿ, ಎರಡರ ವ್ಯತ್ಯಾಸದ ಕಾಲುಭಾಗವನ್ನು ದೋಷಕ್ಕೆ ಸೇರಿಸುತ್ತೇನೆ. ಕೊನೆಗೆ ಉದ್ದನೆಯ ಅಕ್ಷದ ಸ್ಥಾನ-ವೇಗ ಚಿತ್ರದ ಮೇಲೆ ಕರ್ವ್ ಹಾಸಿ ಕಣ್ಣಿನಿಂದಲೇ ನೋಡುವುದು. ರೇಖೆ ಅನಿಲದ ಹೊರ ಅಂಚಿಗಿಂತ ಒಳಗೆ ಹೋಗಿದ್ದರೆ ಎಲ್ಲೋ ಎಡವಟ್ಟಾಗಿದೆ.

ಒಳಭಾಗಕ್ಕೆ ಹೈಡ್ರೋಜನ್-ಆಲ್ಫಾ ವರ್ಣಪಟಲವೂ ಬೇಕು ಅನಿಸಿದರೆ ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತೇ ನಡೆಸಬಹುದು. ಆದರೆ ಇದೇ ಗ್ಯಾಲಕ್ಸಿಯಲ್ಲಿ ಒಂದು ಪೇಚು ಇದೆ: 660 ಕಿ.ಮೀ. ವೇಗಕ್ಕೆ ಸರಿದ ಆ ರೇಖೆ 657.7 ನ್ಯಾನೋಮೀಟರಿಗೆ ಬಂದು ನಿಲ್ಲುತ್ತದೆ, ನಮ್ಮ ವಾಯುಮಂಡಲದ ಓಎಚ್ (ಹೈಡ್ರಾಕ್ಸಿಲ್) ರೇಖೆಯೂ ಅಲ್ಲೇ ಇದೆ. ಆಕಾಶದ ಬೆಳಕನ್ನು ಬೇರೆಯಾಗಿ ತೆಗೆದು ಕಳೆಯದಿದ್ದರೆ ಕೇಂದ್ರದಲ್ಲಿ ಗ್ಯಾಲಕ್ಸಿ ಸುತ್ತುತ್ತಲೇ ಇಲ್ಲ ಅನ್ನುವಂತೆ ಕಾಣುತ್ತದೆ!

ಈಗ ಕಾಣುವ ಸರಕು. ಅನಿಲದ್ದು ಸುಲಭ: 2.36 ಲಕ್ಷವನ್ನು ದೂರದ (ಮೆಗಾಪಾರ್ಸೆಕ್‌ನಲ್ಲಿ) ವರ್ಗದಿಂದ, ಒಟ್ಟು ಫ್ಲಕ್ಸ್‌ನಿಂದ ಗುಣಿಸಿದರೆ 1,020 ಕೋಟಿ ಸೂರ್ಯರಷ್ಟು ಹೈಡ್ರೋಜನ್, ಹೀಲಿಯಂಗೆ 1.33ರಿಂದ ಗುಣಿಸಿ 1,360 ಕೋಟಿ. ನಕ್ಷತ್ರಗಳಿಗೆ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದ 3.6 ಮೈಕ್ರಾನ್ ಚಿತ್ರ. ಅದರಲ್ಲಿ ಪ್ರಭೆ ಸುಮಾರು 3,800 ಕೋಟಿ ಸೂರ್ಯರು. ಒಬ್ಬ ಸೂರ್ಯನಷ್ಟು ಪ್ರಭೆಗೆ ಅರ್ಧ ಸೂರ್ಯನ ತೂಕ ಹಿಡಿದರೆ 1,900 ಕೋಟಿ. ಆ ಅರ್ಧ ಅನ್ನುವ ಸಂಖ್ಯೆ ಅಳತೆಯಿಂದ ಬಂದದ್ದಲ್ಲ, ನಕ್ಷತ್ರ ಸಮೂಹಗಳ ಮಾದರಿಯಿಂದ ಬಂದದ್ದು. ಇಡೀ ಲೆಕ್ಕದ ಮೆದು ಜಾಗ ಅದೇ.

ಕಳೆಯುವಾಗ ವೇಗದಿಂದ ವೇಗ ಕಳೆಯಬಾರದು, ವರ್ಗಗಳನ್ನು ಕಳೆಯಬೇಕು. ಕೇಂದ್ರದಿಂದ 44 ಕಿಲೋಪಾರ್ಸೆಕ್‌ನಲ್ಲಿ (ಮೆಗಾಪಾರ್ಸೆಕ್‌ನ ಸಾವಿರದಲ್ಲೊಂದು ಭಾಗ ಕಿಲೋಪಾರ್ಸೆಕ್), ಅಂದರೆ ಅನಿಲದ ಅಂಚಿನಲ್ಲಿ, ಅಳೆದ ವೇಗ 150. ಅಲ್ಲಿ ನಕ್ಷತ್ರಗಳು ಒಂದೇ ಹಿಡಿದಿಡಬಲ್ಲ ವೇಗ 43, ಅನಿಲದ್ದು 36. ಹೊಸಬರು 150ರಿಂದ ಎರಡನ್ನೂ ಕಳೆದು 71 ಅನ್ನುತ್ತಾರೆ. ಸರಿಯಾದ ಲೆಕ್ಕ: 22,500ರಿಂದ 1,850, 1,300 ಹೋದರೆ 19,350, ವರ್ಗಮೂಲ 139. ಇನ್ನೊಂದು ಸೂಕ್ಷ್ಮ ಇದೆ. ಕೇಂದ್ರದಲ್ಲಿ ಅನಿಲಕ್ಕೆ ತೂತು ಬಿದ್ದಿದ್ದರೆ ಹೊರಗಿನ ಅನಿಲ ಹೊರಕ್ಕೇ ಎಳೆಯುತ್ತದೆ, ಅಲ್ಲಿ ಅನಿಲದ ವರ್ಗಕ್ಕೆ ಮೈನಸ್ ಚಿಹ್ನೆ ಉಳಿಸಿಕೊಳ್ಳಬೇಕು. ಪ್ರೋಗ್ರಾಂನಲ್ಲಿ ಸುಮ್ಮನೆ ವರ್ಗ ಮಾಡಿದರೆ ಚಿಹ್ನೆ ಮಾಯ.

ನಕ್ಷತ್ರಗಳ ತೂಕ-ಪ್ರಭೆ ಅನುಪಾತವನ್ನು (ಮೇಲೆ ಹಿಡಿದ ಆ ಅರ್ಧವನ್ನು) 0.5ರಿಂದ 0.8ಕ್ಕೆ ಏರಿಸಿ ನೋಡಿ. ಅಂಚಿನಲ್ಲಿ 139 ಇದ್ದದ್ದು 135 ಆಗುತ್ತದೆ, ಅಷ್ಟೇ. ಅದೇ 7 ಕಿಲೋಪಾರ್ಸೆಕ್‌ನಲ್ಲಿ ನಕ್ಷತ್ರಗಳ ಪಾಲು 100ರಿಂದ 126ಕ್ಕೆ ಹೋಗಿ, ಕಾಣದ ದ್ರವ್ಯದ ವರ್ಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಅಂಚಿನಲ್ಲಿ ಕೊರತೆ ಇದೆ ಅನ್ನುವುದನ್ನು ಯಾವ ಸಭೆಯಲ್ಲೂ ಧೈರ್ಯವಾಗಿ ಹೇಳುತ್ತೇನೆ. ಕೇಂದ್ರದಲ್ಲಿ ಆ ದ್ರವ್ಯ ಮೊನಚಾಗಿದೆಯೋ ಚಪ್ಪಟೆಯಾಗಿದೆಯೋ ಅನ್ನುವ ಜಗಳಕ್ಕೆ ಈ ಒಂದು ಕರ್ವ್ ಸಾಲದು. ದೊಡ್ಡ ಸುರುಳಿಗಳಲ್ಲಿ ಒಳಭಾಗದ ಫಿಟ್‌ನಿಂದ ಹೇಲೋದ (ಗ್ಯಾಲಕ್ಸಿಯನ್ನು ಸುತ್ತುವರಿದ ಕಾಣದ ದ್ರವ್ಯದ) ಆಕಾರ ತೀರ್ಮಾನಿಸಿದ ಪ್ರಬಂಧ ಕಂಡರೆ ಮೊದಲು ಅವರು ಯಾವ ಅನುಪಾತ ಹಿಡಿದಿದ್ದಾರೆ ಅಂತ ನೋಡುತ್ತೇನೆ.

ಒಟ್ಟು ದ್ರವ್ಯರಾಶಿ, ವೇಗದ ವರ್ಗವನ್ನು ತ್ರಿಜ್ಯದಿಂದ ಗುಣಿಸಿ ಗುರುತ್ವ ಸ್ಥಿರಾಂಕದಿಂದ ಭಾಗಿಸಿದರೆ, 23,000 ಕೋಟಿ ಸೂರ್ಯರು. ಕಾಣುವುದು 3,260 ಕೋಟಿ. ಏಳು ಪಟ್ಟು. ಆದರೆ ಇದೇ ಕಾಣುವ 3,260 ಕೋಟಿಯನ್ನು ಮಿಲ್‌ಗ್ರೋಮ್ 1983ರಲ್ಲಿ ಮುಂದಿಟ್ಟ ಬದಲಿ ಗುರುತ್ವದ ಸೂತ್ರಕ್ಕೆ, 1.2×10⁻¹⁰ ಮೀಟರ್‌/ಸೆಕೆಂಡ್² ವೇಗೋತ್ಕರ್ಷದೊಂದಿಗೆ ಹಾಕಿದರೆ ಬರುವ ಚಪ್ಪಟೆ ವೇಗ 151. ಅಳೆದದ್ದು 150. ಡಾರ್ಕ್ ಮ್ಯಾಟರ್ ಪಕ್ಷದಲ್ಲಿ ನಿಂತಿರುವ ನಾನೂ ಈ ತಾಳೆಯನ್ನು ವಿದ್ಯಾರ್ಥಿಗಳಿಂದ ಮಾಡಿಸುತ್ತೇನೆ. ಗ್ಯಾಲಕ್ಸಿ ಗೊಂಚಲುಗಳಿಗೆ ಹೋದರೆ ಆ ಸೂತ್ರ ಸೋಲುತ್ತದೆ, ಅಲ್ಲೂ ಕಾಣದ ದ್ರವ್ಯ ಬೇಕಾಗುತ್ತದೆ. ಆದರೆ ಒಂಟಿ ಗ್ಯಾಲಕ್ಸಿಯಲ್ಲಿ ಅದು ಇಷ್ಟು ಸರಿ ಬರುವುದನ್ನು ನಮ್ಮ ಪಕ್ಷದವರು ವಿವರಿಸಲೇಬೇಕು.

ಏಳು ಪಟ್ಟು ಅನ್ನುವುದಕ್ಕೂ ದೂರ ಸರಿಯಿರಬೇಕು. ಒಟ್ಟು ದ್ರವ್ಯರಾಶಿ ದೂರದಂತೆ ಬೆಳೆಯುತ್ತದೆ, ಕಾಣುವುದು ದೂರದ ವರ್ಗದಂತೆ. 1985ರ ಪ್ರಬಂಧ ಹಿಡಿದ ದೂರ 9.2 ಮೆಗಾಪಾರ್ಸೆಕ್, ಸೆಫೀಡ್ ನಕ್ಷತ್ರಗಳಿಂದ (ದೂರ ಅಳೆಯಲು ಬಳಸುವ ಮಿಡಿಯುವ ನಕ್ಷತ್ರಗಳು) 13.8 ಗೊತ್ತಾದದ್ದು ಆಮೇಲೆ. ಇದೇ ಫೈಲು, ಇದೇ ಅನುಪಾತ ಇಟ್ಟುಕೊಂಡು 9.2 ಹಾಕಿದರೆ ಹತ್ತೂವರೆ ಪಟ್ಟು ಬರುತ್ತದೆ. ಹಾಗಾಗಿ ಪ್ರಕಟಿಸುವ ಕೋಷ್ಟಕದಲ್ಲಿ ತ್ರಿಜ್ಯವನ್ನು ಕಿಲೋಪಾರ್ಸೆಕ್ ಜತೆಗೆ ಆರ್ಕ್‌ಸೆಕೆಂಡಿನಲ್ಲೂ ಕೊಡುತ್ತೇನೆ, ನಕ್ಷತ್ರಗಳ ಕಾಲಂ ಅನ್ನು ಅನುಪಾತ 1 ಇದ್ದಂತೆ ಬರೆಯುತ್ತೇನೆ, ಬಳೆಬಳೆಯ ವಾಲುಕೋನವನ್ನೂ ಬಿಡುವುದಿಲ್ಲ. ದೂರವೋ ಅನುಪಾತವೋ ನಾಳೆ ಬದಲಾದರೆ ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಮತ್ತೆ ಕಳೆದು ನೋಡಬಹುದು.