ತುಮಕೂರಿನಿಂದ ಕಡಲಿಗೆ: ಕ್ಯಾಮೆರಾ ಬ್ಯಾಗಿನಲ್ಲಿ ಏನಿರಬೇಕು, ಏನು ಮನೆಯಲ್ಲೇ ಉಳಿಯಬೇಕು

ಕಡಲತೀರದ ಪ್ರವಾಸಕ್ಕೆ ನಾನು ಕ್ಯಾಮೆರಾ ಬ್ಯಾಗ್ ತುಂಬುವುದು ಒಂದೇ ಲೆಕ್ಕದ ಮೇಲೆ: ಮರಳಿನ ಮೇಲೆ ನಿಂತು ಒಂದು ಸಲವೂ ಲೆನ್ಸ್ ಬಿಚ್ಚಬಾರದು. ಯಾವ ಚಿತ್ರ ಬೇಕು, ಯಾವ ಲೆನ್ಸ್ ಚೆಂದ ಎಂಬುದೆಲ್ಲ ಆಮೇಲಿನ ಮಾತು. ನಮ್ಮ ತುಮಕೂರಿನ ಕಡೆಯವರಿಗೆ ಇದನ್ನು ಒತ್ತಿ ಹೇಳಲು ಕಾರಣವಿದೆ. ನಾವು ಪಳಗಿರುವುದು ದೂಳಿಗೆ. ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗದ ಚಿತ್ರ ತೆಗೆಯುವಾಗ, ಬೇಸಿಗೆಯಲ್ಲಿ ಮಧುಗಿರಿ ಬೆಟ್ಟ ಹತ್ತುವಾಗ ಕ್ಯಾಮೆರಾ ಮೇಲೆ ಕೂರುವ ಒಣ ದೂಳು ಬ್ಲೋವರ್‌ನಿಂದ ನಾಲ್ಕು ಸಲ ಊದಿದರೆ ಹೋಗುತ್ತದೆ. ಕಡಲಲ್ಲಿ ಮರಳು, ಉಪ್ಪು, ತೇವ ಮೂರೂ ಒಟ್ಟಿಗೆ ಬರುತ್ತವೆ. ಒಂದೊಂದೂ ಕ್ಯಾಮೆರಾಕ್ಕೆ ಬೇರೆ ಬೇರೆ ದಾರಿಯಲ್ಲಿ ಹಾನಿ ಮಾಡುತ್ತದೆ.

ಮರಳಿನ ಕಣ ಬಹುಪಾಲು ಸ್ಫಟಿಕಶಿಲೆ. ಗಡಸುತನದ ಮೋಸ್ ಮಾಪನದಲ್ಲಿ ಅದು 7. ಲೆನ್ಸಿನ ಗಾಜು ಅದಕ್ಕಿಂತ ಮೆತ್ತಗೆ, ಗಾಜಿನ ಮೇಲಿನ ಲೇಪನ ಇನ್ನೂ ನಾಜೂಕು. ಹಾಗಾಗಿ ಮರಳು ಕೂತಿರುವಾಗ ಬಟ್ಟೆಯಿಂದ ಒರೆಸಿದರೆ ಗೀರು ಬೀಳುವುದು ಖಂಡಿತ. ಮೊದಲು ಊದಬೇಕು, ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಬಟ್ಟೆ. ಇನ್ನೊಂದು ಅಪಾಯ ಜೂಮ್‌ನದು. 18–55 ಎಂ.ಎಂ. (ಇದು ಫೋಕಲ್ ಲೆಂತ್, ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಥರದ ಲೆನ್ಸ್‌ಗಳು ಜೂಮ್ ಮಾಡಿದಾಗ ಮುಂದಕ್ಕೆ ಚಾಚಿಕೊಳ್ಳುತ್ತವೆ. ಚಾಚುವಾಗ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತವೆ, ಗಾಳಿಯ ಜೊತೆ ಸಣ್ಣ ಮರಳೂ ಒಳಗೆ ಹೋಗುತ್ತದೆ. ಜೂಮ್ ತಿರುಗಿಸುವಾಗ ಕರಕರ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಬಲವಂತವಾಗಿ ತಿರುಗಿಸಿದಷ್ಟೂ ಒಳಗಿನ ಹಳಿ ಸವೆಯುತ್ತದೆ. ಗಾಳಿ ಜೋರಾಗಿರುವ ಮಧ್ಯಾಹ್ನ ನಾನು ಒಂದು ಫೋಕಲ್ ಲೆಂತ್‌ನಲ್ಲಿ ಜೂಮ್ ನಿಲ್ಲಿಸಿಕೊಂಡು, ಕಾಲಿನಲ್ಲೇ ಹಿಂದೆ ಮುಂದೆ ನಡೆಯುತ್ತೇನೆ.

ಉಪ್ಪಿನ ವಿಷಯಕ್ಕೆ ಇದಕ್ಕಿಂತ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಕಡಲ ನೀರಿನಲ್ಲಿ ಸುಮಾರು ಶೇ 3.5ರಷ್ಟು ಉಪ್ಪಿದೆ. ಅಲೆ ಒಡೆದಾಗ ಏಳುವ ತುಂತುರು ಗಾಳಿಯಲ್ಲಿ ತೇಲಿ ಬಂದು ದಡದಿಂದ ದೂರ ನಿಂತವರ ಕ್ಯಾಮೆರಾ ಮೇಲೂ ಕೂರುತ್ತದೆ. ಗಾಳಿಯ ತೇವ ಸುಮಾರು ಶೇ 75 ದಾಟಿದರೆ ಅಡುಗೆ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ಕರಾವಳಿಯಲ್ಲಿ ರಾತ್ರಿಯೆಲ್ಲ ತೇವ ಅದಕ್ಕಿಂತ ಮೇಲೇ ಇರುವುದರಿಂದ ಕ್ಯಾಮೆರಾಕ್ಕೆ ಅಂಟಿದ ಉಪ್ಪು ಒಣಗುವುದೇ ಇಲ್ಲ. ಹಾಟ್ ಶೂ (ಫ್ಲ್ಯಾಶ್ ಕೂರಿಸುವ ಜಾಗ), ಬ್ಯಾಟರಿ ಬಾಗಿಲಿನ ಸ್ಪ್ರಿಂಗ್, ಪಟ್ಟಿ ಸಿಕ್ಕಿಸುವ ಕಬ್ಬಿಣದ ಬಳೆ, ಟ್ರೈಪಾಡ್ ಸ್ಕ್ರೂ ಇವೆಲ್ಲ ಆ ಉಪ್ಪುನೀರಿನಲ್ಲಿ ನೆನೆಯುತ್ತಲೇ ಇರುತ್ತವೆ. ತುಕ್ಕು ಶುರುವಾಗುವುದು ಅಲ್ಲಿಂದ.

ಇಷ್ಟು ತಿಳಿದಿದ್ದರೆ ಆಯ್ಕೆ ಕಷ್ಟವಲ್ಲ. ಒಂದು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಒಂದು ಉದ್ದ ವ್ಯಾಪ್ತಿಯ ಜೂಮ್. ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಬಾಡಿ ಇದ್ದರೆ 18–135 ಅಥವಾ 18–140, ಫುಲ್ ಫ್ರೇಮ್ (ದೊಡ್ಡ ಸೆನ್ಸರಿನದು) ಇದ್ದರೆ 24–105. ಮುರುಡೇಶ್ವರದ ರಾಜಗೋಪುರವನ್ನು ಬುಡದಿಂದ ತುದಿಯವರೆಗೆ ಹಿಡಿಯಲು 18 ಸಾಕು, ಹೊನ್ನಾವರದ ಬಳಿಯ ಕಾಸರಕೋಡಿನಲ್ಲಿ ನೀರಲ್ಲಿ ಆಡುವ ಮಕ್ಕಳ ಮುಖ ಹತ್ತಿರಕ್ಕೆ ತರಲು 135 ಸಾಕು. ಲೆನ್ಸನ್ನು ಮನೆಯಲ್ಲೇ ಬಾಡಿಯ ಮೇಲೆ ಕೂರಿಸಿಬಿಡಬೇಕು. ಎರಡನೆಯದು ಬೇಕೇ ಬೇಕೆಂದರೆ 35 ಅಥವಾ 50ರ ಚಿಕ್ಕ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಒಂದು, ಸಂಜೆ ಊಟದ ಹೊತ್ತಿಗೆ, ರೂಮಿನೊಳಗೆ. ಬದಲಾಯಿಸುವುದು ರೂಮಿನಲ್ಲಿ ಮಾತ್ರ. ಫ್ಯಾನ್ ಆಫ್ ಮಾಡಿ, ಬಾಡಿಯ ಬಾಯಿ ಕೆಳಮುಖ ಹಿಡಿದು.

ಕೃಷ್ಣಮೃಗಕ್ಕೆ, ಕಗ್ಗಲಡುವಿನ ಬಣ್ಣದ ಕೊಕ್ಕರೆಗೆ ನಾವು ಬಳಸುವ 150–600 ಮನೆಯಲ್ಲೇ ಇರಲಿ. ಸುಮಾರು ಎರಡು ಕೆ.ಜಿ. ತೂಕ, ಚಾಚಿಕೊಳ್ಳುವ ಜೂಮ್, ಜೊತೆಗೆ ಬಿಸಿ ಮರಳಿನ ಮೇಲೆ ಕಂಪಿಸುವ ಗಾಳಿಯಿಂದ ದೂರದ ಚಿತ್ರ ಹೇಗೂ ಚೂಪಾಗಿ ಬರುವುದಿಲ್ಲ. ಗರುಡ, ಕಡಲಹಕ್ಕಿ, ಮೀನಿನ ದೋಣಿ ಇವೇ ಮುಖ್ಯವಾದರೆ ಮಾತ್ರ 70–300 ತೆಗೆದುಕೊಳ್ಳಿ. ಅದೂ ಇನ್ನೊಂದು ಬಾಡಿಯ ಮೇಲೆ ಕೂರಿಸಿಕೊಂಡು. ದೋಣಿಗಳ ವಿಷಯದಲ್ಲಿ ತಾರೀಖು ನೋಡಿಕೊಳ್ಳಬೇಕು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ, ದೊಡ್ಡ ದೋಣಿಗಳು ಬಂದರಿನಲ್ಲೇ ಲಂಗರು ಹಾಕಿ ನಿಂತಿರುತ್ತವೆ. ಆಗ ಉದ್ದ ಲೆನ್ಸಿಗೆ ಕೆಲಸವೇ ಇಲ್ಲ.

‘ವೆದರ್ ಸೀಲ್ಡ್’ ಎಂದು ಬರೆದಿರುವುದನ್ನು ನಂಬಿ ಅಲೆಗೆ ಇಳಿಯುವವರಿದ್ದಾರೆ. ರಬ್ಬರ್ ಪಟ್ಟಿ ಹನಿ ನೀರನ್ನು, ದೂಳನ್ನು ತಡೆಯುತ್ತದೆ. ಮುಳುಗಿದರೆ ತಡೆಯದು. ಮುಂದೆ ಫಿಲ್ಟರ್ ಹಾಕಿದರೇ ಕೆಲವು ಲೆನ್ಸ್‌ಗಳ ಸೀಲ್ ಪೂರ್ತಿಯಾಗುತ್ತದೆ ಎಂದು ಕ್ಯಾನನ್ ತಾನೇ ಹೇಳುತ್ತದೆ. ಬೇರೆ ಕಡೆ ಯುವಿ ಫಿಲ್ಟರ್ ಬೇಡ ಎನ್ನುವ ನಾನು ಕಡಲಿಗೆ ಮಾತ್ರ ಅದನ್ನು ತಪ್ಪದೆ ಹಾಕುತ್ತೇನೆ. ಹತ್ತಾರು ಸಲ ಉಪ್ಪು ಒರೆಸಿ ಗೀರು ಬಿದ್ದರೆ ಫಿಲ್ಟರ್ ಬದಲಾಯಿಸಬಹುದು, ಲೆನ್ಸಿನ ಮುಂದಿನ ಗಾಜನ್ನು ಹಾಗೆ ಬದಲಾಯಿಸಲಾಗದು.

ಪೋಲರೈಸರ್ (ಹೊಳಪು ಇಳಿಸಿ ಆಕಾಶವನ್ನು ಗಾಢವಾಗಿಸುವ ಫಿಲ್ಟರ್) ಎಲ್ಲರೂ ಒಯ್ಯುತ್ತಾರೆ, ಎಲ್ಲಿ ಕೆಲಸ ಮಾಡುತ್ತದೆ ಎಂದು ನೋಡುವವರು ಕಡಿಮೆ. ಸೂರ್ಯನಿಗೆ 90 ಡಿಗ್ರಿ ಅಡ್ಡಲಾಗಿ ನೋಡಿದಾಗ ಆಕಾಶದ ಮೇಲೆ ಅದರ ಪರಿಣಾಮ ಹೆಚ್ಚು. ನಮ್ಮ ಕರಾವಳಿಯಲ್ಲಿ ಕಡಲು ಪಡುವಣಕ್ಕಿದೆ. ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ, ಸಂಜೆ ಕಣ್ಣೆದುರು. ಎರಡೂ ಹೊತ್ತು ನೇರ ಕಡಲಿಗೆ ಮುಖಮಾಡಿದರೆ ಆಕಾಶ ಅಷ್ಟಾಗಿ ಬದಲಾಗದು. ದಡದ ಉದ್ದಕ್ಕೆ, ಬಡಗಣಕ್ಕೋ ತೆಂಕಣಕ್ಕೋ ತಿರುಗಿದರೆ ಆಕಾಶವೂ ಗಾಢವಾಗುತ್ತದೆ, ಒದ್ದೆ ಮರಳಿನ ಹೊಳಪೂ ಇಳಿಯುತ್ತದೆ. ಬೆಳಕು ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು) ಕಡಿಮೆಯಾಗುವುದು ನೆನಪಿರಲಿ. ಕೋಲಾರ, ಕೆಜಿಎಫ್ ಕಡೆಯ ಗೆಳೆಯರಿಗೆ ಚೆನ್ನೈ, ಮಹಾಬಲಿಪುರವೇ ಹತ್ತಿರ. ಅಲ್ಲಿ ಸೂರ್ಯ ಕಡಲಿನಿಂದ ಏಳುತ್ತಾನೆ. ಮುಖ್ಯ ಕೆಲಸ ನಸುಕಿನಲ್ಲೇ ಇರುವುದರಿಂದ ಅವರು ಪೋಲರೈಸರ್ ಬಿಟ್ಟು ಹೆಡ್‌ಟಾರ್ಚ್ ಒಯ್ಯುವುದು ಒಳ್ಳೆಯದು.

ಎನ್‌ಡಿ ಫಿಲ್ಟರ್ (ಬೆಳಕನ್ನು ಕಡಿಮೆ ಮಾಡುವ ಕಪ್ಪು ಗಾಜು) ಒಂದೇ ಸಾಕು, 6 ಸ್ಟಾಪಿನದು. ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಎಫ್/11ರಲ್ಲಿ (ಲೆನ್ಸಿನ ಕಿಂಡಿಯ ಅಳತೆ) ನಡುಹಗಲಿನ ಶಟರ್ (ಬೆಳಕು ಒಳಬಿಡುವ ಹೊತ್ತು) ಸುಮಾರು 1/250 ಸೆಕೆಂಡ್. 6 ಸ್ಟಾಪ್ ಹಾಕಿದರೆ ಅದು 1/4 ಸೆಕೆಂಡ್ ಆಗುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ 1/15 ಇದ್ದದ್ದು 4 ಸೆಕೆಂಡ್ ಆಗುತ್ತದೆ. ಅಲೆ ಹಿಂದೆ ಸರಿಯುವಾಗ ಮರಳಿನ ಮೇಲೆ ಬಿಡುವ ಬಿಳಿ ಎಳೆಗಳು 1/4ರಿಂದ 1 ಸೆಕೆಂಡಿನ ನಡುವೆಯೇ ಚೆನ್ನಾಗಿ ಬರುತ್ತವೆ. 30 ಸೆಕೆಂಡಿಗೆ ಹೋದರೆ ಕಡಲು ಬರೀ ಮಂಜು. ಅದಕ್ಕಾಗಿ 10 ಸ್ಟಾಪಿನ ಇನ್ನೊಂದು ಗಾಜು ಹೊರುವ ಅಗತ್ಯ ನನಗೆ ಕಂಡಿಲ್ಲ.

ಈ ಶಟರ್‌ಗೆ ಟ್ರೈಪಾಡ್ ಬೇಕು. ಹೆಚ್ಚು ಜನ ಎಡವುವುದು ಇಲ್ಲೇ. ಮರಳಿನಲ್ಲಿ ಟ್ರೈಪಾಡ್ ನಿಲ್ಲಿಸುವಾಗ ಕಾಲಿನ ತುದಿಯ ತೆಳುವಾದ ಭಾಗವನ್ನೇ ಮೊದಲು ಪೂರ್ತಿ ಎಳೆಯಿರಿ. ನೆಲದ ಮೇಲೆ ನಾವು ಮಾಡುವುದಕ್ಕೆ ಇದು ಉಲ್ಟಾ. ಹಾಗೆ ಮಾಡಿದರೆ ಕೀಲು ನೀರಿನ ಮಟ್ಟಕ್ಕಿಂತ ಮೇಲೆ ಉಳಿಯುತ್ತದೆ, ಮರಳು ಲಾಕ್ ಒಳಗೆ ಹೋಗುವುದಿಲ್ಲ. ಒದ್ದೆ ಮರಳಿನಲ್ಲಿ ಕಾಲುಗಳನ್ನು ಒತ್ತಿ, ಅಲ್ಲಾಡಿಸುತ್ತಾ ಅರ್ಧ ಅಡಿ ಇಳಿಸಿ. ಒಂದು ಅಲೆ ಬಂದು ಹೋಗಲಿ, ಆಗ ಕಾಲು ಇನ್ನಷ್ಟು ಕುಸಿದು ಗಟ್ಟಿಯಾಗಿ ಕೂರುತ್ತದೆ. ಚಿತ್ರದಲ್ಲಿ ದಿಗಂತದ ಅಡ್ಡಗೆರೆ ಸರಿಮಾಡಿಕೊಳ್ಳುವುದು ಅದಾದ ಮೇಲೆ. ಅಲೆ ಕಾಲನ್ನು ಬಡಿಯುತ್ತಿರುವಾಗ ಶಟರ್ ಒತ್ತಬೇಡಿ, ನೀರು ಹಿಂದಕ್ಕೆ ಹರಿಯಲು ಶುರುವಾದಾಗ ಒತ್ತಿ. ಒಣ ಮರಳಾದರೆ ಪ್ರತಿ ಕಾಲಿನ ಕೆಳಗೆ ಪ್ಲಾಸ್ಟಿಕ್ ಡಬ್ಬದ ಅಗಲ ಮುಚ್ಚಳ ಇಡಿ. ನಡುಗಂಬ ಏರಿಸುವುದು, ಅದಕ್ಕೆ ಬ್ಯಾಗ್ ನೇತುಹಾಕುವುದು ಎರಡೂ ಬೇಡ. ಕಡಲಗಾಳಿಗೆ ಬ್ಯಾಗ್ ತೂಗಾಡಿದರೆ ಚಿತ್ರವೂ ಅಲ್ಲಾಡುತ್ತದೆ. ಟ್ರೈಪಾಡ್ ಬಿಟ್ಟು ಎರಡು ಹೆಜ್ಜೆ ಆಚೆ ಹೋಗುವುದಂತೂ ಯಾವ ಕಾರಣಕ್ಕೂ ಬೇಡ.

ನೀರಿನೊಳಗಿನ ಚಿತ್ರಕ್ಕೆ ಆಕ್ಷನ್ ಕ್ಯಾಮೆರಾ ಸಾಕು. ಈಚಿನ ಬಹುಪಾಲು ಗೋಪ್ರೊಗಳು ಕವಚವಿಲ್ಲದೆ 10 ಮೀಟರ್ ಆಳ ತಡೆಯುತ್ತವೆ. ಬ್ಯಾಟರಿ ಬಾಗಿಲಿನ ರಬ್ಬರ್ ಮೇಲೆ ಒಂದು ಕೂದಲೋ ಮರಳಿನ ಕಣವೋ ಇದ್ದರೆ ನೀರು ನುಗ್ಗುತ್ತದೆ. ಆದ್ದರಿಂದ ಪ್ರತಿ ಸಲ ಮುಚ್ಚುವ ಮುನ್ನ ಬೆರಳಿನಿಂದ ರಬ್ಬರ್ ಸವರಿ ನೋಡಬೇಕು. ಮೊಬೈಲಿನ ಐಪಿ68 (ನೀರು ತಡೆಯುವ ದರ್ಜೆ) ಪರೀಕ್ಷೆ ಸಿಹಿನೀರಿನದು, ಕಡಲಿನದಲ್ಲ. ಮೊಬೈಲಿಗೆ ಪ್ಲಾಸ್ಟಿಕ್ ಚೀಲ ಕೊಂಡರೆ, ಒಳಗೆ ಟಿಶ್ಯೂ ಕಾಗದ ಇಟ್ಟು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿ. ಬೆಳಿಗ್ಗೆ ಕಾಗದ ಒಣಗಿದ್ದರೆ ಮಾತ್ರ ಬಳಸಿ.

ಸಣ್ಣ ಸಾಮಾನುಗಳಲ್ಲಿ ರಾಕೆಟ್ ಬ್ಲೋವರ್, ಮೈಕ್ರೊಫೈಬರ್ ಬಟ್ಟೆ ನಾಲ್ಕು (ಉಪ್ಪು ಒರೆಸಿದ ಬಟ್ಟೆ ಲೆನ್ಸಿಗೆ ಮತ್ತೆ ಬರಬಾರದು), ದೊಡ್ಡ ಜಿಪ್ ಕವರ್ ನಾಲ್ಕು, ಬಿಳಿ ಟವೆಲ್ ಒಂದು, 200 ಗ್ರಾಂ ಸಿಲಿಕಾ ಜೆಲ್, ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್. ಈ ನೀರು ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಬೋರ್‌ವೆಲ್ ನೀರು ಬೇಡ, ಅದರ ಗಡಸು ಒಣಗಿದ ಮೇಲೆ ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತದೆ. 128 ಜಿಬಿಯ ಒಂದು ಕಾರ್ಡಿಗಿಂತ 64ರ ಎರಡು ಮೇಲು. ಸೊಳ್ಳೆ ಕ್ರೀಮ್ ಹಚ್ಚಿದ ಕೈಯಿಂದ ಕ್ಯಾಮೆರಾ ಮುಟ್ಟಬೇಡಿ, ಕೆಲವು ಕ್ರೀಮುಗಳಲ್ಲಿರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕನ್ನು, ರಬ್ಬರ್ ಹಿಡಿಯನ್ನು ಮೆತ್ತಗಾಗಿಸುತ್ತದೆ.

ಬಯಲುಸೀಮೆಯವರಿಗೆ ಅಭ್ಯಾಸವೇ ಇಲ್ಲದ ಇನ್ನೊಂದು ತೊಂದರೆ ಲೆನ್ಸಿಗೆ ಹಬೆ ಕಟ್ಟುವುದು. ತುಮಕೂರಿನಲ್ಲಿ 32 ಡಿಗ್ರಿ ಬಿಸಿಲಿಗೆ ಗಾಳಿಯ ತೇವ ಶೇ 25 ಇದ್ದರೆ, ಗಾಜು ಸುಮಾರು 10 ಡಿಗ್ರಿಗೆ ಇಳಿಯದೆ ಅದರ ಮೇಲೆ ನೀರು ಕೂರದು. ಕರಾವಳಿಯಲ್ಲಿ 30 ಡಿಗ್ರಿ, ಶೇ 80 ತೇವ ಇದ್ದರೆ ಆ ಮಿತಿ 26 ಡಿಗ್ರಿಗೆ ಏರುತ್ತದೆ. 24 ಡಿಗ್ರಿ ಎಸಿ ರೂಮಿನಿಂದ ಹೊರಗೆ ಬಂದ ಕ್ಷಣವೇ ಲೆನ್ಸ್ ಬೆಳ್ಳಗಾಗುತ್ತದೆ, ಒರೆಸಿದರೆ ಮತ್ತೆ ಕಟ್ಟುತ್ತದೆ. ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಹಾಕಿ, ಬ್ಯಾಗ್ ಮುಚ್ಚಿ, ಹೊರಡುವ ಮುಕ್ಕಾಲು ಗಂಟೆ ಮೊದಲೇ ಬಾಲ್ಕನಿಯ ನೆರಳಿನಲ್ಲಿ ಇಡಿ. ಕಾರಿನದೂ ಇದೇ ಕಥೆ. ಬಿ.ಎಚ್. ರಸ್ತೆ ಹಿಡಿದು ತಿಪಟೂರು, ಶಿವಮೊಗ್ಗ, ಸಾಗರ ದಾಟಿ ಹೋಗುವವರು ಗೇರುಸೊಪ್ಪ ಘಾಟಿ ಇಳಿದ ಮೇಲೆ ಎಸಿ ಆಫ್ ಮಾಡಿ ಕಿಟಕಿ ತೆರೆದರೆ, ಹೊನ್ನಾವರ ಮುಟ್ಟುವಷ್ಟರಲ್ಲಿ ಕ್ಯಾಮೆರಾ ಹೊರಗಿನ ಬಿಸಿಗೆ ಹೊಂದಿಕೊಂಡಿರುತ್ತದೆ. ದಾರಿಯಲ್ಲಿ ಊಟಕ್ಕೆ ಇಳಿದಾಗ ಬ್ಯಾಗ್ ಕಾರಿನಲ್ಲಿ ಬಿಡಬೇಡಿ, ಬಿಸಿಲಿಗೆ ನಿಂತ ಕಾರಿನ ಕಾವು ಬ್ಯಾಟರಿಯ ಆಯಸ್ಸು ಕಡಿಮೆ ಮಾಡುತ್ತದೆ.

ರಾತ್ರಿ ಎಷ್ಟೇ ದಣಿದಿದ್ದರೂ ಕಾಲು ಗಂಟೆ ಕೆಲಸ ಬಾಕಿ ಇರುತ್ತದೆ. ಕ್ಯಾಮೆರಾ ಆಫ್ ಮಾಡಿ, ಎಲ್ಲ ಬಾಗಿಲು ಮುಚ್ಚಿಟ್ಟು ಮೊದಲು ಊದಿ. ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಬಾಡಿ, ಲೆನ್ಸಿನ ಹೊರಮೈ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಇನ್ನೊಮ್ಮೆ. ಒಣ ಬಟ್ಟೆ ಉಪ್ಪನ್ನು ಸವರಿ ಹರಡುತ್ತದೆ ಅಷ್ಟೆ, ಕರಗಿಸಲು ಸಿಹಿನೀರೇ ಬೇಕು. ಟ್ರೈಪಾಡನ್ನು ನಲ್ಲಿ ಕೆಳಗೆ ಹಿಡಿದು ತೊಳೆದು, ಕಾಲುಗಳನ್ನು ಪೂರ್ತಿ ಎಳೆದು ತಲೆಕೆಳಗಾಗಿ ಒರಗಿಸಿ. ಆಕ್ಷನ್ ಕ್ಯಾಮೆರಾ ಬಾಗಿಲು ತೆರೆಯುವುದು ಸಿಹಿನೀರಿನಲ್ಲಿ ಅದ್ದಿ ತೆಗೆದು ಒರೆಸಿದ ಮೇಲೆ. ಸೆನ್ಸರ್ ಮೇಲೆ ಕಣ ಬಿದ್ದ ಅನುಮಾನವಿದ್ದರೆ ಕೆಳಮುಖ ಮಾಡಿ ಊದುವುದಷ್ಟೇ. ಮರಳಿರುವ ಸೆನ್ಸರನ್ನು ಸ್ವಾಬ್‌ನಿಂದ ಉಜ್ಜಿದರೆ ಗೀರು ಶಾಶ್ವತ.

ಊರಿಗೆ ಬಂದ ಮೇಲೆ ಬ್ಯಾಗನ್ನು ಪೂರ್ತಿ ಖಾಲಿ ಮಾಡಿ, ಬಿಸಿಲಲ್ಲಿ ಒದರಿ. ಕ್ಯಾಮೆರಾ, ಲೆನ್ಸ್‌ಗಳು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಒಂದು ವಾರ ಇರಲಿ. ಅಕ್ಕಿ ಡಬ್ಬಕ್ಕೆ ಹಾಕುವ ಅಭ್ಯಾಸ ಬೇಡ, ಅಕ್ಕಿಯ ಹಿಟ್ಟು ಒಳಗೆ ಸೇರುತ್ತದೆ. ಡಬ್ಬದೊಳಗಿನ ತೇವ ಶೇ 40–50 ಇದ್ದರೆ ಸರಿ, ಶೇ 60 ದಾಟಿದರೆ ಬೂಷ್ಟು ಬೆಳೆಯಲು ಅನುಕೂಲ. ನೀಲಿ ಮಣಿಗಳು ಗುಲಾಬಿಯಾದರೆ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ. ಉರಿ ಹೆಚ್ಚಾದರೆ ಮಣಿಗಳು ಕೆಡುತ್ತವೆ. ಮೂರ್ನಾಲ್ಕು ವಾರ ಬಿಟ್ಟು ಅಪರ್ಚರ್ (ಲೆನ್ಸಿನೊಳಗಿನ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಲೆನ್ಸ್ ಒಳಗೆ ನೋಡಿ. ಜೇಡನ ಎಳೆಯಂಥ ಬಿಳಿ ಗೆರೆ ಕಂಡರೆ ಆ ಲೆನ್ಸನ್ನು ಉಳಿದವುಗಳಿಂದ ಬೇರೆ ಇಟ್ಟು, ಬಿಚ್ಚಿ ಶುಚಿಮಾಡುವವರ ಹತ್ತಿರ ಬೇಗ ಒಯ್ಯಬೇಕು. ಬೂಷ್ಟು ಬಹಳ ದಿನ ಕೂತರೆ ಲೇಪನವನ್ನೇ ತಿಂದುಬಿಡುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ.