ಕೆಂಪು ಚುಕ್ಕೆ ಕಂಡ ಕೂಡಲೇ ಯುರೇನಿಯಂ ಅನ್ನಬೇಡಿ

ಜ್ಞಾನಭಾರತಿಯಲ್ಲಿ ಭೂವಿಜ್ಞಾನ ಓದುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇಷ್ಟೇ: ಯುರೇನಿಯಂ ಅದಿರು ಹುಡುಕಲು ಬಳಸುವ ನಿಮ್ಮ ಗಾಮಾ ಯಂತ್ರ ಯುರೇನಿಯಂ ನೋಡುವುದೇ ಇಲ್ಲ. ಯುರೇನಿಯಂ ಒಡೆಯುತ್ತಾ ಹೋಗಿ ಹುಟ್ಟುವ ಬಿಸ್ಮತ್-214 ಇದೆಯಲ್ಲ, ಅದು ಬಿಡುವ 1.76 ಎಂಇವಿ (ಕಿರಣದ ಶಕ್ತಿಯ ಅಳತೆ) ಗಾಮಾ ಕಿರಣವನ್ನು ಎಣಿಸುತ್ತದೆ. ಥೋರಿಯಂ ಸರಣಿಯದ್ದು 2.62, ಪೊಟ್ಯಾಸಿಯಂನದ್ದು 1.46. ಇದು ತಲೆಯಲ್ಲಿದ್ದರೆ ಅರ್ಧ ತಪ್ಪು ತಾನಾಗಿ ತಪ್ಪುತ್ತದೆ.

ವಿಮಾನ ಅಥವಾ ಹೆಲಿಕಾಪ್ಟರಿನಲ್ಲಿ ಸೋಡಿಯಂ ಅಯೊಡೈಡ್ ಹರಳುಗಳ ಪೆಟ್ಟಿಗೆ ಇಟ್ಟು, ನೂರು ಮೀಟರ್ ಆಸುಪಾಸಿನ ಎತ್ತರದಲ್ಲಿ, ಹೊಲ ಉಳುವ ಹಾಗೆ ಸಾಲು ಸಾಲಾಗಿ ಹಾರುತ್ತಾರೆ. ಸಾಲುಗಳು ಕಲ್ಲಿನ ಪದರಗಳಿಗೆ ಅಡ್ಡವಾಗಿರಲಿ. ಒಂದು ಹರಳು ಮೇಲ್ಮುಖವಾಗಿರಲಿ. ಗಾಳಿಯಲ್ಲಿರುವ ರೇಡಾನ್ (ಯುರೇನಿಯಂ ಸರಣಿಯಲ್ಲೇ ಹುಟ್ಟುವ ಅನಿಲ) ಲೆಕ್ಕ ಕಳೆಯುವುದಕ್ಕೆ ಅದು ಬೇಕು.

ನಕ್ಷೆ ಬಂದ ಮೇಲೆ, ಮೂರೂ ಸೇರಿದ ಒಟ್ಟು ಎಣಿಕೆ ಜಾಸ್ತಿಯಿರುವ ಕೆಂಪು ಚುಕ್ಕೆ ನೋಡಿ ಹಿಗ್ಗಬೇಡಿ. ರಾಮನಗರದ ಕಡೆ ಹೋಗುವಾಗ ಕಾಣುವ ಕ್ಲೋಸ್‌ಪೇಟ್ ಗ್ರಾನೈಟ್ ನೆನಪಿಸಿಕೊಳ್ಳಿ. ಅದರ ಗುಲಾಬಿ ಫೆಲ್ಡ್‌ಸ್ಪಾರ್ ಖನಿಜದ ತುಂಬಾ ಪೊಟ್ಯಾಸಿಯಂ. ಅಂಥ ಕಲ್ಲು ಸುಮ್ನೆ ಇದ್ದರೂ ನಕ್ಷೆಯಲ್ಲಿ ಕೆಂಪಾಗಿ ಕಾಣಬಹುದು. ನೀವು ನೋಡಬೇಕಾದ್ದು ಯುರೇನಿಯಂ–ಥೋರಿಯಂ ಅನುಪಾತ. ಎರಡೂ ಒಟ್ಟಿಗೆ ಏರಿದ್ದರೆ ಬಹುತೇಕ ಅದು ಬರೀ ಗ್ರಾನೈಟ್. ಯುರೇನಿಯಂ ಒಂದೇ ಏರಿದ್ದರೆ ಆ ಜಾಗಕ್ಕೆ ಹೋಗಲು ಚೀಲ ಕಟ್ಟಿ.

ಇನ್ನೊಂದು ಮಾತು. ಈ ಕಿರಣಗಳು ಬರುವುದು ಮೇಲಿನ ಮೂವತ್ತು-ನಲವತ್ತು ಸೆಂಟಿಮೀಟರಿನಿಂದ ಮಾತ್ರ. ಅದಿರಿನ ಮೇಲೆ ಒಂದು ಮೀಟರ್ ಮಣ್ಣು ಬಿದ್ದಿದ್ದರೆ ಕಥೆ ಮುಗಿಯಿತು. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಅದಿರು ಇರುವುದು ನೆಲದೊಳಗೆ, ಸ್ತರಭಂಗದ (ಕಲ್ಲು ಬಿರಿದು ಸರಿದ ಜಾಗ) ಉದ್ದಕ್ಕೆ, ಸುಣ್ಣಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟಿನಲ್ಲಿ. ಅಂಥದ್ದಕ್ಕೆ ಕಾಂತೀಯ ಮತ್ತು ವಿದ್ಯುತ್ಕಾಂತೀಯ ಸರ್ವೆ ಮಾಡಿ ಬಿರುಕು ಹುಡುಕಬೇಕು.

ನೆಲದ ಕೆಲಸವೇ ನನಗೆ ಇಷ್ಟ. ಲಾಲ್‌ಬಾಗ್ ಬಂಡೆಯಂಥ ನೈಸ್ (gneiss) ಎಂಬ ಪಟ್ಟೆಪಟ್ಟೆ ಕಲ್ಲಿನ ಮೇಲೆ ಸಿಂಟಿಲೋಮೀಟರ್, ಅಂದರೆ ಗಾಮಾ ಎಣಿಸುವ ಕೈಯಂತ್ರ, ಹಿಡಿದು ಅಭ್ಯಾಸ ಮಾಡಿ (ಅಲ್ಲಿ ಸುತ್ತಿಗೆ ಎತ್ತಬೇಡಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ). ಚಪ್ಪಟೆ ಜಾಗದಲ್ಲಿ ಮೊಣಕಾಲೆತ್ತರಕ್ಕೆ ಹಿಡಿದು ಅಂಕಿ ಬರೆದುಕೊಳ್ಳಿ. ಅದೇ ಯಂತ್ರವನ್ನು ಎರಡು ಬಂಡೆಗಳ ಸಂದಿಗೆ ಇಳಿಸಿ. ಎಣಿಕೆ ಏರುತ್ತದೆ, ಅಲ್ವಾ? ಕಲ್ಲು ಬದಲಾಗಿಲ್ಲ, ಸುತ್ತ ಕಲ್ಲು ಜಾಸ್ತಿಯಾಯಿತು ಅಷ್ಟೆ. ಹಾಗಾಗಿ ಎತ್ತರ ಒಂದೇ ಇರಲಿ, ಹಳ್ಳ, ಸಂದಿ, ಕಲ್ಲುಗೋಡೆಯಿಂದ ದೂರ ನಿಲ್ಲಿ. ಮಳೆ ಬಂದರೆ ರೇಡಾನ್ ಒಡೆದು ಹುಟ್ಟುವ ಮರಿಗಳು ಗಾಳಿಯಿಂದ ನೆಲಕ್ಕೆ ಇಳಿದು ಅಂಕಿ ಕೆಡಿಸುತ್ತವೆ. ಕೆಲವು ಗಂಟೆ ಕಾಯಿರಿ.

ಮಣ್ಣು ದಪ್ಪ ಇದ್ದಲ್ಲಿ ರೇಡಾನಿನ ಗುರುತು ಹಿಡಿಯುವ ಫಿಲ್ಮ್ ಹೂತಿಡುತ್ತಾರೆ. ಆಮೇಲೆ ಕಲ್ಲಿನ ಮಾದರಿ ಲ್ಯಾಬಿಗೆ. ಗಾಮಾ ಲೆಕ್ಕ, ರಾಸಾಯನಿಕ ಲೆಕ್ಕ ಎರಡನ್ನೂ ಪಕ್ಕಪಕ್ಕ ಬರೆಯಿರಿ. ಗಾಮಾ ಜಾಸ್ತಿ, ರಾಸಾಯನಿಕ ಕಡಿಮೆ ಬಂದರೆ ಬೇಜಾರಾಗಬೇಡಿ. ಯುರೇನಿಯಂ ನೀರಿನಲ್ಲಿ ಕರಗಿ ಜಾರಿಹೋಗಿ, ಗಾಮಾ ಬಿಡುವ ಅದರ ಮರಿಗಳು ಮಾತ್ರ ಅಲ್ಲೇ ಉಳಿದಿರಬಹುದು. ಅಂತರ್ಜಲ ಹರಿಯುವ ದಿಕ್ಕು ಹಿಡಿಯಿರಿ. ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಅಥವಾ ಇಂಗಾಲ ತುಂಬಿದ ಕಪ್ಪು ಕಲ್ಲು ಎಲ್ಲಿದೆ ನೋಡಿ. ಆಕ್ಸಿಜನ್ ಇಲ್ಲದ ಅಂಥ ಜಾಗದಲ್ಲಿ ಕರಗಿಹೋದ ಯುರೇನಿಯಂ ಮತ್ತೆ ಕೂರುತ್ತದೆ. ಮೊದಲ ಬೋರ್ ಅಲ್ಲಿ ಹಾಕಿಸಿ.